ನೆಲ ಡೊಂಕಾದರೇನು?

‘ಅಪಾಯಗಳಿರುವ ಸ್ಟೇಜ್ ಮೋಜಿಗೆ, ಸಪಾಟಾದ ಸ್ಟೇಜ್ ಸ್ಪರ್ಧೆಗೆ’ ಎಂಬ ತೀರ್ಪು ಸ್ಮ್ಯಾಶ್ ಬ್ರದರ್ಸ್ ಆಡುವವರ ನಡುವೆ ಈಗ ಚರ್ಚೆಯ ವಿಷಯವಾಗಿಯೇ ಉಳಿದಿಲ್ಲ. ಹೊಸದಾಗಿ ಕಂಟ್ರೋಲರ್ ಹಿಡಿದವರೂ ಇದನ್ನು ಮೊದಲ ಪಾಠವಾಗಿ ಕಲಿತು ಒಪ್ಪಿಸುತ್ತಾರೆ. ಐಟಂ ಬೇಡ, ಪಾತ್ರಗಳಲ್ಲಿ ಫಾಕ್ಸ್ ಒಬ್ಬನೇ ಸಾಕು, ಫೈನಲ್ ಡೆಸ್ಟಿನೇಶನ್ ಬಿಟ್ಟು ಬೇರೆ ಅಂಗಳ ಬೇಡ ಎಂಬ ಹಳೆಯ ಗೇಲಿಮಾತು ಹುಟ್ಟಿದ್ದೇ ಈ ಮನೋಭಾವವನ್ನು ಆಡಿಕೊಳ್ಳಲು. ಇವತ್ತು ಗೇಲಿ ಸವೆದುಹೋಗಿದೆ, ಮನೋಭಾವ ಮಾತ್ರ ನಿಯಮವಾಗಿ ನಿಂತಿದೆ. ಅಪಾಯವೆಂದರೆ ಅದೃಷ್ಟ, ಅದೃಷ್ಟವೆಂದರೆ ಮಕ್ಕಳಾಟ, ಆದ್ದರಿಂದ ನೆಲ ಅಲುಗದೆ ಇದ್ದಷ್ಟೂ ಆಟ ಶ್ರೇಷ್ಠ. ಈ ತರ್ಕದ ಮೂರೂ ಹೆಜ್ಜೆಗಳು ತಪ್ಪು ಎಂಬುದು ನನ್ನ ವಾದ. ತಪ್ಪಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಫೈಟಿಂಗ್ ಆಟಗಳ ಇತಿಹಾಸದಲ್ಲೇ ಅತ್ಯಂತ ಕಲ್ಪನಾಶೀಲವಾದ ಸ್ಟೇಜ್ ಪರಂಪರೆಯೊಂದನ್ನು ಅದು ಮೂಲೆಗೆ ತಳ್ಳಿದೆ.

ಸ್ಮ್ಯಾಶ್ ಸೃಷ್ಟಿಸಿದ ಮಸಾಹಿರೊ ಸಕುರಾಯ್ ಒಮ್ಮೆ ಆರ್ಕೇಡಿನಲ್ಲಿ ‘ಕಿಂಗ್ ಆಫ್ ಫೈಟರ್ಸ್ 95’ ಆಡುತ್ತ ಎದುರಾಳಿಯನ್ನು ಚಚ್ಚಿಹಾಕಿದರು. ಆಮೇಲೆ ನೋಡಿದರೆ ಅತ್ತ ಕೂತಿದ್ದದ್ದು ಆಟಕ್ಕೆ ತೀರಾ ಹೊಸಬರಾದ ಒಂದು ಜೋಡಿ. ಆಗ ತಮಗಾದ ಬೇಸರವನ್ನು ಅವರೇ ಹೇಳಿಕೊಂಡಿದ್ದಾರೆ. ಸ್ಮ್ಯಾಶ್ ಹೊಸಬರ ಆಟ ಎನ್ನುವುದಕ್ಕೆ ಎಲ್ಲರೂ ಈ ಪ್ರಸಂಗವನ್ನೇ ಮುಂದೊಡ್ಡುತ್ತಾರೆ. ಆ ಬೇಸರದಿಂದ ಅವರು ಕಂಡುಕೊಂಡ ದಾರಿ ಯಾವುದೆಂದು ಕೇಳುವವರು ಕಡಿಮೆ. ಅವರು ಹೊಡೆತಗಳನ್ನು ಮೆತ್ತಗೆ ಮಾಡಲಿಲ್ಲ. ಜೀವದ ಪಟ್ಟಿಯನ್ನೇ ಕಿತ್ತುಹಾಕಿ ಶೇಕಡಾ ಲೆಕ್ಕ ತಂದರು. ಸಾವನ್ನು ದೇಹದಿಂದ ಬಿಡಿಸಿ ನೆಲದ ಅಂಚಿನಾಚೆಗೆ ಇಟ್ಟರು. ಅವರ ಸಹೋದ್ಯೋಗಿ ಸತೊರು ಇವಾತಾ ವಾರಾಂತ್ಯಗಳಲ್ಲಿ ಕೂತು ಪ್ರೋಗ್ರಾಂ ಬರೆದ ‘ಡ್ರ್ಯಾಗನ್ ಕಿಂಗ್’ ಎಂಬ ಮಾದರಿ 1999ರಲ್ಲಿ ನಿಂಟೆಂಡೊ 64ರ ಆಟವಾಗಿ ಹೊರಬಂದಾಗ ಈ ಪ್ರಕಾರದ ವ್ಯಾಕರಣವೇ ಬದಲಾಗಿತ್ತು. ‘ಸ್ಟ್ರೀಟ್ ಫೈಟರ್ 2’ರಲ್ಲಿ ಅಂಗಳ ಬಹುಮಟ್ಟಿಗೆ ಹಿಂದಿನ ಪರದೆ. ಸ್ಮ್ಯಾಶ್‌ನಲ್ಲಿ ಎಷ್ಟೇ ಪೆಟ್ಟು ತಿಂದರೂ ನೆಲ ಕೈಬಿಡುವ ತನಕ ನೀವು ಬದುಕಿರುತ್ತೀರಿ. ಇಂಥ ಆಟದಲ್ಲಿ ಅಪಾಯವಿಲ್ಲದ ಸ್ಟೇಜ್ ಎಂಬುದೇ ಇಲ್ಲ. ಫೈನಲ್ ಡೆಸ್ಟಿನೇಶನ್‌ನ ಎರಡೂ ಬದಿಗೆ ಪ್ರಪಾತವಿದೆ, ಮತ್ತು ಅದೇ ಈ ಆಟದ ಅತಿ ದೊಡ್ಡ ಅಪಾಯ.

ಆ ಫೈನಲ್ ಡೆಸ್ಟಿನೇಶನ್ ತಟಸ್ಥ ಎಂಬ ನಂಬಿಕೆಯನ್ನಾದರೂ ಪರೀಕ್ಷಿಸೋಣ. ಸರಣಿಯ ಎರಡನೆಯ ಆಟವಾದ ಮೆಲೀಯಲ್ಲಿ ಫಾಕ್ಸ್ ಅಥವಾ ಫಾಲ್ಕೊ ಪಾತ್ರ ಹಿಡಿದವರು ಮಾರ್ತ್ ಎದುರು ಬಂದಾಗ ಮೊದಲು ಹೊರಹಾಕಲು ನೋಡುವುದು ಇದೇ ಅಂಗಳವನ್ನು. ಮೇಲೆ ಹಲಗೆಗಳಿಲ್ಲದ ಕಾರಣ ಮಾರ್ತ್ ಒಮ್ಮೆ ಹಿಡಿದು ಮೇಲಕ್ಕೆಸೆದರೆ ಇಳಿಯಲು ತಾವಿಲ್ಲ. ಬಿದ್ದಲ್ಲೇ ಮತ್ತೆ ಹಿಡಿತ, ಮತ್ತೆ ಎಸೆತ. ಬೋಳು ನೆಲವೂ ಒಂದು ಪಕ್ಷ ವಹಿಸುತ್ತದೆ, ಉದ್ದ ಹಿಡಿತದವರ ಪಕ್ಷ, ದೂರದಿಂದ ಎಸೆಯುವವರ ಪಕ್ಷ. ಪಕ್ಷಪಾತ ಕಣ್ಣಿಗೆ ಬೀಳದಿದ್ದರೆ ಅದು ನ್ಯಾಯವಾಗಿಬಿಡುತ್ತದೆಯೇ?

ಈಗ ನನ್ನ ಪ್ರೀತಿಯ ಅಂಗಳಕ್ಕೆ ಬರುತ್ತೇನೆ. ಮೆಲೀಯ 29 ಸ್ಟೇಜ್‌ಗಳಲ್ಲಿ ಬ್ರಿನ್‌ಸ್ಟಾರ್‌ನಷ್ಟು ಪೂರ್ಣವಾದದ್ದು ಇನ್ನೊಂದಿಲ್ಲ. 1986ರ ‘ಮೆಟ್ರಾಯ್ಡ್’ ಆಟದ ಪಾತಾಳದಿಂದ ಎತ್ತಿ ತಂದ ಜಾಗವದು. ನೆಲ ಉಬ್ಬುತಗ್ಗು; ನಡುವಿನ ಬೆಸುಗೆಯಂಥ ಜೀವಕೋಶಗಳನ್ನು ಹೊಡೆದರೆ ನೆಲವೇ ಇಬ್ಭಾಗವಾಗುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಕೆಳಗಿನಿಂದ ಆಮ್ಲ ಏರುತ್ತದೆ. ಅದು ಹೊಂಚುಹಾಕಿ ಹೊಡೆಯುವುದಿಲ್ಲ; ಇಬ್ಬರ ಕಣ್ಣೆದುರೇ, ಇಬ್ಬರಿಗೂ ಸಮಾನವಾಗಿ, ನಿಧಾನಕ್ಕೆ ಏರುತ್ತದೆ. ತಾಗಿದವರನ್ನು ಸುಟ್ಟು ಮೇಲಕ್ಕೆ ಚಿಮ್ಮಿಸುತ್ತದೆ. ಈ ಚಿಮ್ಮುವಿಕೆಯಲ್ಲೇ ಸ್ಟೇಜಿನ ಪ್ರತಿಭೆಯಿದೆ. ಅಂಚಿನಿಂದ ಕೆಳಗೆ ಬಿದ್ದು ಕತೆ ಮುಗಿಯಿತು ಎನ್ನುವ ಹೊತ್ತಿಗೆ ಅದೇ ಆಮ್ಲ ನಿಮ್ಮನ್ನು ಎತ್ತಿ ಬದುಕಿಸಬಹುದು. ಬದುಕಿಸಿದ ಸುಂಕವಾಗಿ ನಿಮ್ಮ ಶೇಕಡಾ ಏರಿಸುತ್ತದೆ. ಕೊಲ್ಲಲು ಬಂದ ಅಪಾಯ ಕಾಯುವ ಕೈಯೂ ಆಗುವಂಥ ವಿನ್ಯಾಸವನ್ನು ಈ ಪ್ರಕಾರದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

ಹೀಗಾಗಿ ಬ್ರಿನ್‌ಸ್ಟಾರ್‌ನಲ್ಲಿ ಅಭ್ಯಾಸದ ಆಟ ನಡೆಯುವುದಿಲ್ಲ. ಅಂಚಿಗೆ ತಳ್ಳಿ ಶೈನ್ ಎಂಬ ಹೊಡೆತವೊಂದರಿಂದ ಮುಗಿಸುವುದು ಫಾಕ್ಸ್ ಆಟಗಾರರ ರೂಢಿ. ಇಲ್ಲಿ ತಳ್ಳುವ ಮೊದಲು ಆಮ್ಲ ಎಲ್ಲಿದೆ ಎಂದು ನೋಡಬೇಕು. ಪೀಚ್ ತೇಲುತ್ತ ಕಾಯುತ್ತಾಳೆ, ಜಿಗ್ಲಿಪಫ್ ಗಾಳಿಯಲ್ಲೇ ಬೀಡು ಬಿಡುತ್ತದೆ, ನೆಲವನ್ನು ನಂಬಿದ ಫಾಕ್ಸ್ ಮತ್ತು ಫಾಲ್ಕೊ ತಡವರಿಸುತ್ತಾರೆ. ಇದೇ ಕಾರಣಕ್ಕೆ ಸೋತವರು ಮುಂದಿನ ಸ್ಟೇಜ್ ಆರಿಸುವ ಕೌಂಟರ್‌ಪಿಕ್ ಪಟ್ಟಿಯಲ್ಲಿ ಅದು ವರ್ಷಗಟ್ಟಲೆ ಉಳಿಯಿತು. 2010ರ ದಶಕದ ಆರಂಭದ ವರ್ಷಗಳಲ್ಲಿ ಮ್ಯೂಟ್ ಸಿಟಿ, ರೇನ್‌ಬೋ ಕ್ರೂಸ್‌ಗಳ ಜೊತೆ ಅದಕ್ಕೂ ಬಾಗಿಲು ಮುಚ್ಚಿತು. ಉಳಿದವು ಆರು. ಆಟದ ಅತ್ಯುತ್ತಮ ಪಾತ್ರಗಳನ್ನು ಹಿಡಿದ ಅತ್ಯುತ್ತಮ ಆಟಗಾರರಿಗೆ ಅನನುಕೂಲವಾದ ಅಂಗಳಗಳು ಒಂದೊಂದಾಗಿ ಮರೆಯಾಗುತ್ತ ಬಂದದ್ದನ್ನು ನ್ಯಾಯದ ವಿಕಾಸ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಯಬಲ್ಲವರೇ ಆ ಮಾತು ಹೇಳಿ ನೆಲವನ್ನು ಕೆತ್ತಿಸಿಕೊಂಡರು.

ಮೆಲೀಯ ನಂತರ ಬಂದ ಬ್ರಾಲ್ ಆಟದ ಕಾಲದಲ್ಲಿ ಮೆಟಾ ನೈಟ್ ಇದೇ ಬ್ರಿನ್‌ಸ್ಟಾರ್ ಮತ್ತು ರೇನ್‌ಬೋ ಕ್ರೂಸ್‌ಗಳಲ್ಲಿ ಎದುರಿಲ್ಲದೆ ಮೆರೆದನಲ್ಲ ಎಂದು ಕೇಳುವವರಿದ್ದಾರೆ. ಮೆರೆದ, ನಿಜ. ಅವನು ಮೆರೆಯದ ಅಂಗಳ ಬ್ರಾಲ್‌ನಲ್ಲಿ ಯಾವುದಿತ್ತು? ಅಮೆರಿಕದ ಸ್ಪರ್ಧೆಗಳ ಯೂನಿಟಿ ನಿಯಮಾವಳಿ ಕೊನೆಗೆ ಮೆಟಾ ನೈಟ್‌ನನ್ನೇ ನಿಷೇಧಿಸಲು ಹೊರಟಿತು. ತಪ್ಪು ಪಾತ್ರದ್ದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಒಪ್ಪಿಗೆ ಬೇಕಿಲ್ಲ. ಶಿಕ್ಷೆ ಮಾತ್ರ ಸ್ಟೇಜಿಗೂ ಆಯಿತು.

ಎಲ್ಲ ಅಪಾಯಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಯೋಶೀಸ್ ಸ್ಟೋರಿಯಲ್ಲಿ ರ‍್ಯಾಂಡಲ್ ಎಂಬ ಮೋಡ 20 ಸೆಕೆಂಡಿಗೊಂದು ಸುತ್ತು ಬರುತ್ತದೆ. ಬಲ್ಲ ಆಟಗಾರರು ಗಡಿಯಾರದ ಅಂಕಿ ನೋಡಿ ಅದು ಈಗ ಎಲ್ಲಿದೆಯೆಂದು ಹೇಳುತ್ತಾರೆ, ಬೀಳುತ್ತ ಬೀಳುತ್ತಲೇ ಲೆಕ್ಕ ಹಾಕಿ ಅದರ ಮೇಲೆ ಕಾಲೂರುತ್ತಾರೆ. ಆ ಕ್ಷಣದಲ್ಲಿ ಕಾಣುವುದು ಅಪ್ಪಟ ವಿದ್ಯೆ. ಡ್ರೀಮ್ ಲ್ಯಾಂಡ್‌ನ ಮರ ಊದುವ ಗಾಳಿಯನ್ನೂ ಹೀಗೆಯೇ ಬಳಸಿಕೊಳ್ಳುವವರಿದ್ದಾರೆ. ಫೌಂಟನ್ ಆಫ್ ಡ್ರೀಮ್ಸ್‌ನ ಹಲಗೆಗಳಂತೂ ಮನಬಂದಂತೆ ಏರಿ ಇಳಿಯುತ್ತವೆ, ಆದರೂ ಅದು ಪಟ್ಟಿಯಲ್ಲಿ ಭದ್ರವಾಗಿ ಕೂತಿದೆ. ಅದು ಇರಲಿ, ಆ ಚೆಲುವಿಗೆ ಅಷ್ಟು ಸಲ್ಲಬೇಕು. ಆದರೆ ಏರಿಳಿಯುವ ಹಲಗೆಯನ್ನು ಒಪ್ಪಿ ಏರಿಳಿಯುವ ಆಮ್ಲವನ್ನು ಅದೃಷ್ಟವೆಂದು ತಳ್ಳುವವರು ಯಾವ ತಕ್ಕಡಿ ಹಿಡಿದಿದ್ದಾರೆ? ಇನ್ನೊಂದು ಕಡೆ ಹೈರೂಲ್ ಟೆಂಪಲ್ ನೋಡಿ. ಅಲ್ಲಿ ಆಮ್ಲವಿಲ್ಲ, ಗಾಳಿಯಿಲ್ಲ, ಏನೂ ಅಲುಗುವುದಿಲ್ಲ. ಆದರೂ ಸ್ಪರ್ಧೆಗೆ ಅದರಷ್ಟು ಅಯೋಗ್ಯವಾದದ್ದು ಕಡಿಮೆ: ವೇಗದ ಪಾತ್ರವೊಂದು ಅದರ ಸುತ್ತ ಓಡುತ್ತಲೇ ಸಮಯ ಕಳೆಯಬಹುದು. ಹಾಗಾದರೆ ಸ್ಟೇಜನ್ನು ಅಳೆಯುವ ಗೆರೆ ಅಪಾಯದ ಮೂಲಕ ಹಾದುಹೋಗುವುದೇ ಇಲ್ಲ. ಒಳ್ಳೆಯ ಸ್ಟೇಜ್ ಇಬ್ಬರನ್ನು ಎದುರುಬದುರು ತರುತ್ತದೆ, ತಪ್ಪಿಸಿಕೊಳ್ಳಲು ಬಿಡುವುದಿಲ್ಲ. ಬ್ರಿನ್‌ಸ್ಟಾರ್‌ನ ಆಮ್ಲ ಮಾಡುವುದು ಅದನ್ನೇ, ನಿಂತ ನೆಲವನ್ನು ಕಿರಿದು ಮಾಡಿ ಇಬ್ಬರನ್ನೂ ಮುಖಾಮುಖಿ ನಿಲ್ಲಿಸುತ್ತದೆ.

ಪಕ್ಕದ ಮನೆಗಳಲ್ಲಿ ಇಷ್ಟು ಮಡಿ ಇಲ್ಲ. ‘ಟೆಕ್ಕೆನ್ 4’ ಗೋಡೆಗಳನ್ನೂ ಏರುತಗ್ಗಿನ ನೆಲವನ್ನೂ ತಂದಿತು. ಮುಂದಿನ ಆಟ ತಗ್ಗುದಿಣ್ಣೆಗಳನ್ನು ಬಿಟ್ಟರೂ ಗೋಡೆಗಳನ್ನು ಉಳಿಸಿಕೊಂಡಿತು. ಆಮೇಲೆ ಒಡೆಯುವ ನೆಲಗಳೂ ಬಂದವು. ಇವತ್ತು ಗೋಡೆಗೆ ಅಪ್ಪಳಿಸುವ ಕಾಂಬೊ ಬಾರದವರನ್ನು ಯಾರೂ ಟೆಕ್ಕೆನ್ ಆಟಗಾರರೆಂದು ಎಣಿಸುವುದಿಲ್ಲ. ‘ಸೋಲ್ ಕ್ಯಾಲಿಬರ್’ನಲ್ಲಿ ಅಂಕಣದಿಂದ ಹೊರಗೆ ಬಿದ್ದರೆ ಸುತ್ತೇ ಹೋಯಿತು. ಅಲ್ಲಿ ನೆಲವನ್ನು ಬಲ್ಲವರಿಗೆ ಗೌರವ ಸಿಗುತ್ತದೆ. ಸ್ಮ್ಯಾಶ್‌ನಲ್ಲಿ ಮಾತ್ರ ಆ ಜ್ಞಾನಕ್ಕೆ ಬೆಲೆಯಿಲ್ಲ.

ನನಗೆ ಹೆಚ್ಚು ನೋವಾದದ್ದು ಸಕುರಾಯ್ ಅವರೇ ಈ ತೀರ್ಪಿಗೆ ಮಣೆ ಹಾಕಿದಾಗ. 2014ರ ಸ್ಮ್ಯಾಶ್ ಆಟದಲ್ಲಿ ಒಮೆಗಾ ರೂಪ ಬಂತು, ಬಹುತೇಕ ಪ್ರತಿ ಸ್ಟೇಜೂ ಫೈನಲ್ ಡೆಸ್ಟಿನೇಶನ್‌ನ ನಕಲಾಗಬಲ್ಲದಾಯಿತು. 2018ರ ಅಲ್ಟಿಮೇಟ್‌ನಲ್ಲಿ ಅಪಾಯಗಳನ್ನೇ ಆರಿಸುವ ಸ್ವಿಚ್ ಬಂತು: ಮರ ಊದುವುದಿಲ್ಲ, ಲೈಲಟ್ ಕ್ರೂಸ್ ವಾಲುವುದಿಲ್ಲ. ನೂರಕ್ಕೂ ಹೆಚ್ಚು ಸ್ಟೇಜ್‌ಗಳನ್ನು ಕಟ್ಟಿದವರ ಕೆಲಸದಲ್ಲಿ ಟೂರ್ನಮೆಂಟ್‌ಗೆ ಬೇಕಾದದ್ದು ಹತ್ತರ ಆಸುಪಾಸು, ಅದೂ ಜೀವ ತೆಗೆದ ಮೇಲೆ. ಆದರೂ ನಾನು ಸಕುರಾಯ್ ಅವರ ಪಕ್ಷ ಬಿಡುವುದಿಲ್ಲ. ಅವರು ಕಟ್ಟಿಕೊಟ್ಟರು, ಆರಿಸಿಕೊಂಡವರು ನಾವು.

ಇದು ಒಂದು ಆಟದ ಜಗಳವಷ್ಟೇ ಅಲ್ಲ. ಎಣಿಸಲು ಬರುವುದನ್ನು ಮಾತ್ರ ಪ್ರತಿಭೆ ಎನ್ನುವ, ಎಣಿಕೆಗೆ ಸಿಗದ್ದನ್ನೆಲ್ಲ ಅದೃಷ್ಟವೆಂದು ಗುಡಿಸಿಹಾಕುವ ಅಭಿರುಚಿ ಎಲ್ಲೆಡೆ ಗೆಲ್ಲುತ್ತಿದೆ. ಕ್ರಿಕೆಟ್ಟಿನಲ್ಲಿ ಐದನೆಯ ದಿನದ ಪಿಚ್ ಬಿರುಕು ಬಿಟ್ಟು ಚೆಂಡು ಒಮ್ಮೆ ಕಾಲಡಿಗೆ, ಒಮ್ಮೆ ಎದೆಮಟ್ಟಕ್ಕೆ ಬರುವಾಗ ಅದನ್ನು ಮಕ್ಕಳಾಟ ಎಂದವರುಂಟೇ? ಪ್ರಸನ್ನ, ಚಂದ್ರಶೇಖರ್ ಅವರನ್ನು ಕಂಡ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಸ್ಮ್ಯಾಶ್ ಜಪಾನಿನಲ್ಲಿ ಹೊರಬಂದ ಮರುತಿಂಗಳು, 1999ರ ಫೆಬ್ರುವರಿಯಲ್ಲಿ, ಕುಂಬ್ಳೆ ದೆಹಲಿಯ ಕೋಟ್ಲಾದಲ್ಲಿ 74 ರನ್ನಿಗೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತರು. ಪಿಚ್ ನೆರವಾಯಿತೆಂದು ಆ ಸಾಧನೆಯನ್ನು ಯಾರೂ ದಾಖಲೆಯಿಂದ ಅಳಿಸಲಿಲ್ಲ. ನೆಲವನ್ನು ಓದುವುದು ವಿದ್ಯೆಯ ಅರ್ಧ ಎಂದು ಆಗ ನಮಗೆ ಗೊತ್ತಿತ್ತು. ಈಗ ಅಲ್ಲೂ ಸಪಾಟು ಪಿಚ್ ಮತ್ತು ಸಿಕ್ಸರುಗಳ ಲೆಕ್ಕಕ್ಕೆ ಚಪ್ಪಾಳೆ ಹೆಚ್ಚು. ಪರಿಸ್ಥಿತಿಯನ್ನೇ ತೆಗೆದುಹಾಕಿದರೆ ವ್ಯಕ್ತಿಯ ಅಸಲು ಸಾಮರ್ಥ್ಯ ಉಳಿಯುತ್ತದೆ ಎಂಬ ಭ್ರಮೆ ಇದರ ಬೇರು. ಉಳಿಯುವುದು ಆ ಒಂದು ಪರಿಸ್ಥಿತಿಗೆ ಪಳಗಿದ ಕೈ, ಅಷ್ಟೇ.

ಆದ್ದರಿಂದ ಬ್ರಿನ್‌ಸ್ಟಾರ್ ಮರಳಿ ಪಟ್ಟಿಗೆ ಬರಲಿ, ಆಮ್ಲ ಸಮೇತ. ಹೆದರುವವರಿಗೆ ಸ್ಟೇಜ್ ಬ್ಯಾನ್ ಮಾಡುವ ಹಕ್ಕು ನಿಯಮದಲ್ಲೇ ಇದೆ. ಅದನ್ನು ಬ್ರಿನ್‌ಸ್ಟಾರ್ ಮೇಲೆ ಖರ್ಚು ಮಾಡಿದವರು ಫೈನಲ್ ಡೆಸ್ಟಿನೇಶನ್‌ನಲ್ಲಿ ಮಾರ್ತ್‌ನ ಹಿಡಿತಕ್ಕೆ ತಲೆಯೊಡ್ಡಬೇಕು. ಬೋಳು ನೆಲದಲ್ಲೂ ಕುದಿಯುವ ನೆಲದಲ್ಲೂ ಗೆಲ್ಲಬಲ್ಲವರು ಬರುವ ತನಕ, ಈ ಆಟದ ಶ್ರೇಷ್ಠರು ಯಾರೆಂಬ ಪ್ರಶ್ನೆಗೆ ಸ್ಪರ್ಧೆಗಳು ಉತ್ತರ ಕೊಟ್ಟಿವೆ ಎಂದು ನಾನು ಒಪ್ಪುವುದಿಲ್ಲ.