ಲೂಕನ ಖಾನೇಷುಮಾರಿ

ಯೇಸುವಿನ ಜನನವನ್ನು ಹೇಳುವ ಸುವಾರ್ತೆಗಳು ಎರಡೇ, ಮತ್ತಾಯನದು ಮತ್ತು ಲೂಕನದು. ಎರಡರಲ್ಲೂ ಮಗು ಬೆತ್ಲೆಹೇಮಿನಲ್ಲಿ ಹುಟ್ಟಿ ನಜರೇತಿನಲ್ಲಿ ಬೆಳೆಯುತ್ತದೆ, ದಾರಿ ಮಾತ್ರ ಬೇರೆ. ಮತ್ತಾಯನಲ್ಲಿ ಯೋಸೇಫ-ಮರಿಯ ದಂಪತಿ ಮೊದಲಿಂದಲೂ ಬೆತ್ಲೆಹೇಮಿನಲ್ಲೇ ಕಾಣಿಸಿಕೊಳ್ಳುತ್ತಾರೆ. ಅರಸ ಹೆರೋದನಿಗೆ ಹೆದರಿ ಐಗುಪ್ತಕ್ಕೆ ಓಡಿ, ಕೊನೆಗೆ ನಜರೇತಿಗೆ ಬಂದು ನೆಲೆಸುತ್ತಾರೆ. ಲೂಕನಲ್ಲಿ ಅವರು ನಜರೇತಿನವರೇ. ತುಂಬುಗರ್ಭಿಣಿ ಮರಿಯಳನ್ನು ಯೋಸೇಫನ ಪೂರ್ವಜ ದಾವೀದನ ಊರಾದ ಬೆತ್ಲೆಹೇಮಿಗೆ ಹೊರಡಿಸುವುದು ರೋಮನ್ ಚಕ್ರವರ್ತಿ ಔಗುಸ್ತ ಕೈಸರನ ಖಾನೇಷುಮಾರಿಯ ಆಜ್ಞೆ. ಈ ಖಾನೇಷುಮಾರಿ ಇತಿಹಾಸವಾಗಿ ನಿಲ್ಲುವುದಿಲ್ಲ. ಆದರೂ ಅದನ್ನು ಕಿತ್ತರೆ ಲೂಕನ ಕಥನದ ಜೀವಾಳವೇ ಹೋಗುತ್ತದೆ.

ಲೂಕ ತನ್ನ ಕಥೆಯನ್ನು ತೊಡಗುವುದು ಹೆರೋದನ ಕಾಲದಲ್ಲಿ. ಬಹುತೇಕ ವಿದ್ವಾಂಸರ ಲೆಕ್ಕದಲ್ಲಿ ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ. ಈ ಖಾನೇಷುಮಾರಿಯ ಕಾಲ ಸೂಚಿಸಲು ಲೂಕ ಹೆಸರಿಸುವ ಕುರೇನ್ಯ ಸಿರಿಯದ ಅಧಿಪತಿಯಾಗಿ ಬಂದು ಯೂದಾಯದ ಜನರ ಆಸ್ತಿ ಬರೆಸಿದ್ದು, ಯೆಹೂದಿ ಇತಿಹಾಸಕಾರ ಜೋಸೆಫಸ್ ಹೇಳುವಂತೆ, ಹೆರೋದನ ಮಗ ಅರ್ಖೆಲಾಯನನ್ನು ರೋಮ್ ಪಟ್ಟದಿಂದ ಇಳಿಸಿದ ಮೇಲೆ, ಅಂದರೆ ಕ್ರಿ.ಶ. 6ರಲ್ಲಿ. ಆಗಲೂ ನಜರೇತ್ ಇದ್ದ ಗಲಿಲಾಯ ಹೆರೋದ ಅಂತಿಪನ ಆಳ್ವಿಕೆಯಲ್ಲಿತ್ತು. ಯೂದಾಯದ ಕಂದಾಯದ ಲೆಕ್ಕ ನಜರೇತಿನ ಯೋಸೇಫನಿಗೆ ಅನ್ವಯಿಸುವಂತಿರಲಿಲ್ಲ. ಔಗುಸ್ತ ತನ್ನ ಸಾಧನೆಗಳ ಶಾಸನದಲ್ಲಿ ಹೇಳಿಕೊಂಡ ಮೂರು ಎಣಿಕೆಗಳೂ ರೋಮನ್ ಪೌರರಿಗೆ ಸೀಮಿತ. ಲೂಕನ ಪರ ವಾದಿಸುವವರು ಕ್ರಿ.ಶ. 104ರ ಐಗುಪ್ತದ ಒಂದು ಆಜ್ಞೆಯನ್ನು ಮುಂದಿಡುತ್ತಾರೆ: ಪರಊರಿಗೆ ಹೋದವರು ಎಣಿಕೆಗಾಗಿ ಮನೆಗೆ ಮರಳಬೇಕು. ಆದರೆ ಅದು ಅವರವರ ಸ್ವಂತ ಮನೆಯ ಮಾತು, ಸಾವಿರ ವರ್ಷದ ಹಿಂದಿನ ಪೂರ್ವಜನ ಊರಿನದಲ್ಲ. ತೆರಿಗೆ ಕಟ್ಟಿಸಿಕೊಳ್ಳುವವನಿಗೆ ಹೊಲ ಎಲ್ಲಿದೆ ಎಂಬುದು ಬೇಕು, ವಂಶಾವಳಿ ಬೇಡ. ಲೂಕ ಈ ಎಣಿಕೆಗೆ ಬಳಸುವ, ಗ್ರೀಕ್ ಮೂಲದ ‘ಮೊದಲ’ ಎಂಬ ಪದಕ್ಕೆ ‘ಕುರೇನ್ಯನಿಗಿಂತ ಮುಂಚಿನ’ ಎಂಬ ಅರ್ಥ ಹಚ್ಚುವ ಯತ್ನವೂ ಉಂಟು. ಹಾಗಿದ್ದರೆ ಕಾಲ ಸೂಚಿಸಲು ಕುರೇನ್ಯನ ಹೆಸರನ್ನೇ ಏಕೆ ಎತ್ತಬೇಕಿತ್ತು?

ಎಲ್ಲವನ್ನೂ ಬುಡದಿಂದ ವಿಚಾರಿಸಿ ಬರೆದಿದ್ದೇನೆ ಎಂದು ಪೀಠಿಕೆಯಲ್ಲೇ ಹೇಳುವ ಲೇಖಕನ ತಪ್ಪನ್ನು ಕಲೆಯ ಹೆಸರಿನಲ್ಲಿ ಮನ್ನಿಸಬಹುದೇ ಎಂಬ ಆಕ್ಷೇಪ ನ್ಯಾಯವಾದದ್ದು. ತಪ್ಪು ತಪ್ಪೇ. ಆದರೆ ಲೂಕ ಆರಿಸಿಕೊಂಡದ್ದು ಯಾವುದೋ ಒಂದು ಖಾನೇಷುಮಾರಿಯನ್ನಲ್ಲ. ಕುರೇನ್ಯನ ಕಾಲದ ಆ ಎಣಿಕೆಯ ವಿರುದ್ಧವೇ ಗಲಿಲಾಯದ ಯೂದ ದಂಗೆ ಎದ್ದಿದ್ದ. ‘ಅಪೊಸ್ತಲರ ಕೃತ್ಯಗಳು’ ಗ್ರಂಥದಲ್ಲಿ ಆ ಸಂಗತಿಯನ್ನು ದಾಖಲಿಸುವವನೂ ಲೂಕನೇ. ಅದೇ ಗಲಿಲಾಯದಿಂದ ಅವನ ಯೋಸೇಫ ಮರುಮಾತಿಲ್ಲದೆ ಹೆಸರು ಬರೆಸಲು ಹೊರಡುತ್ತಾನೆ. ಇದು ರೋಮನ್ನು ಓಲೈಸುವ ಬರವಣಿಗೆ ಎಂದು ಹಲವರು ಓದಿದ್ದಾರೆ. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. ಕ್ರಿ.ಪೂ. 9ರ ಪ್ರಿಯೆನೆಯ ಶಾಸನ ಔಗುಸ್ತನನ್ನು ರಕ್ಷಕನೆಂದು ಕರೆದು, ಅವನ ಹುಟ್ಟುಹಬ್ಬವೇ ಲೋಕಕ್ಕೆ ಶುಭವಾರ್ತೆಯ ಆರಂಭ ಎನ್ನುತ್ತದೆ. ಲೂಕನ ದೇವದೂತ ಆ ಎರಡೂ ಮಾತುಗಳನ್ನು ಗೋದಲಿಯಲ್ಲಿ ಮಲಗಿದ ಕೂಸಿಗೆ ಸಲ್ಲಿಸುತ್ತಾನೆ. ಆಜ್ಞೆ ಹೊರಡಿಸಿದ ಚಕ್ರವರ್ತಿಗೆ ತಾನು ಯಾರನ್ನು ದಾವೀದನ ಊರಿಗೆ ಕರೆಸಿದೆನೆಂಬ ಅರಿವೇ ಇಲ್ಲ. ಇಪ್ಪತ್ತೊಂದು ಅಧ್ಯಾಯಗಳ ನಂತರ, ಹುಟ್ಟುವ ಮುನ್ನವೇ ಕೈಸರನ ಲೆಕ್ಕಕ್ಕಾಗಿ ದಾರಿ ಸವೆಸಿದ ಈ ಮಗುವನ್ನು ರೋಮನ್ ಅಧಿಪತಿ ಪಿಲಾತನ ಮುಂದೆ ನಿಲ್ಲಿಸಿದಾಗ, ಕೈಸರನಿಗೆ ತೆರಿಗೆ ಕೊಡಬೇಡಿರೆಂದು ಜನರನ್ನು ತಡೆದನೆಂಬ ದೂರು ಕೇಳಿಬರುತ್ತದೆ. ಆ ದೂರು ಇರುವುದು ಲೂಕನ ಸುವಾರ್ತೆಯಲ್ಲಿ ಮಾತ್ರ.