ಜೀತದಿಂದ ಕೃಪೆಗೆ: ರೋಮಾಪುರದವರಿಗೆ 6:14–23ರ ವ್ಯಾಖ್ಯಾನ

ಪೌಲನು ಈ ಪತ್ರವನ್ನು ಕ್ರಿ.ಶ. 57ರ ಸುಮಾರಿಗೆ ಕೊರಿಂಥದಿಂದ ಬರೆದನು. ದಾಸತ್ವ ರೋಮಿನ ಎಷ್ಟೋ ಮನೆಗಳಲ್ಲಿದ್ದ ಕಾಲವದು. ಜೀತವನ್ನೂ ಗಣಿಕೂಲಿಯನ್ನೂ ಬಲ್ಲ ಬೂದಿಕೋಟೆ, ಬಂಗಾರಪೇಟೆ, ಕೆಜಿಎಫ್ ಸೀಮೆಯ ಓದುಗರಿಗೆ ಅವನ ಮಾತು ನೇರವಾಗಿ ನಾಟುತ್ತದೆ.

ವಚನ 14: ಪಾಪದ ದೊರೆತನ ಇನ್ನು ನಡೆಯದು ಎನ್ನುತ್ತಾನೆ ಪೌಲ. ಇದು ಅಪ್ಪಣೆಯಲ್ಲ, ವಾಗ್ದಾನ. ಧರ್ಮಶಾಸ್ತ್ರ ತಪ್ಪನ್ನು ತೋರಿಸಿಕೊಡುತ್ತದೆ. ತಪ್ಪಿನ ಹಿಡಿತದಿಂದ ಬಿಡಿಸುವುದು ಕೃಪೆ.

ವಚನ 15: ಹಾಗಾದರೆ ಪಾಪ ಮಾಡುತ್ತಲೇ ಇರಬಹುದೇ? ಖಂಡಿತ ಕೂಡದು. ಕ್ಷಮೆಯನ್ನು ಮುಂಗಡ ಪರವಾನಗಿ ಎಂದುಕೊಂಡವನು ಕೃಪೆಯನ್ನು ಅರಿತೇ ಇಲ್ಲ.

ವಚನ 16: ಯಾರ ಮಾತಿಗೆ ತಲೆಬಾಗುತ್ತೇವೋ ಅವರ ಆಳು ನಾವು. ಕುಡಿತವಾಗಲಿ ಹಗೆಯಾಗಲಿ, ಮೊದಲು ನಾವು ಅದಕ್ಕೆ ಎಡೆ ಕೊಡುತ್ತೇವೆ. ಆಮೇಲೆ ಅದು ನಮ್ಮನ್ನು ಆಳುತ್ತದೆ.

ವಚನ 17–18: ಇಲ್ಲಿ ಪೌಲ ದೇವರಿಗೆ ಸ್ತೋತ್ರ ಹೇಳುತ್ತಾನೆ, ಏಕೆಂದರೆ ಬಿಡುಗಡೆ ಆಗಲೇ ಆಗಿದೆ. ನಮ್ಮ ದೇಶದ 1976ರ ಜೀತಪದ್ಧತಿ ರದ್ದತಿ ಕಾಯ್ದೆ ಜೀತದಾಳನ್ನು ಬಿಡಿಸಿದ್ದಲ್ಲದೆ ಅವನ ತಲೆಮೇಲಿದ್ದ ಜೀತಸಾಲವನ್ನೂ ರದ್ದುಮಾಡಿತು. ಆದರೂ ಹಳೆಯ ಧಣಿ ಕೂಗಿದಾಗ ಭಯದಿಂದ ಎದ್ದು ಹೋಗುವವನಿಗೆ ಆ ಬಿಡುಗಡೆ ಇನ್ನೂ ಮನಸ್ಸಿಗೆ ಇಳಿದಿಲ್ಲ. ವಿಶ್ವಾಸಿಯ ಕಷ್ಟವೂ ಇದೇ. ಕ್ರಿಸ್ತನು ಶಿಲುಬೆಯಲ್ಲಿ ನಮ್ಮ ಋಣವನ್ನು ತಾನೇ ಹೊತ್ತನು. ಪಾಪಕ್ಕೆ ನಾವು ಕೊಡಬೇಕಾದ ಬಾಕಿ ಏನೂ ಇಲ್ಲ.

ವಚನ 19: ಕೈ, ಕಣ್ಣು, ನಾಲಿಗೆ ಹಿಂದೆ ಅಶುದ್ಧತೆಗೆ ದುಡಿದವು. ಈಗ ಅವೇ ನೀತಿಗೆ ದುಡಿಯಲಿ. ಬಿಡುಗಡೆ ಮನಸ್ಸಿನೊಳಗಷ್ಟೇ ಉಳಿಯದೆ ಮೈಯ ನಡೆಗೆ ಬರಬೇಕು.

ವಚನ 20–22: ಹಿಂದೆ ಪಾಪಕ್ಕೆ ದುಡಿದ ಆ ದುಡಿಮೆಯಿಂದ ದೊರೆತ ಫಲವೇನು ಎಂದು ಕೇಳುತ್ತಾನೆ ಪೌಲ. ನಾಚಿಕೆ, ಕೊನೆಗೆ ಮರಣ. ದೇವರ ಸೇವೆಯ ಫಲ ಪರಿಶುದ್ಧತೆ. ಅದು ಬಿತ್ತಿದ ದಿನವೇ ಕೈಗೆ ಸಿಗುವುದಿಲ್ಲ, ಬೆಳೆಯುತ್ತಾ ಮಾಗುತ್ತದೆ.

ವಚನ 23: ಪಾಪ ಕೂಲಿ ಕೊಡುತ್ತದೆ, ದೇವರು ವರ ಕೊಡುತ್ತಾನೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ 3 ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ದುಡಿದವರಿಗೆ ಕೂಲಿ ಹಕ್ಕಾಗಿತ್ತು; ಅದನ್ನು ಯಾರೂ ದಾನವೆನ್ನಲಾರರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಕೂಲಿಯೂ ನಿಂತಿತು. ಆದರೆ ದೇವರ ವರವಾದ ನಿತ್ಯಜೀವ ನಮ್ಮ ದುಡಿಮೆಯ ಮೇಲೆ ನಿಂತದ್ದಲ್ಲ. ಪ್ರಾರ್ಥನೆ, ಉಪವಾಸ, ಕಾಣಿಕೆ ಯಾವುದೂ ಅದರ ಬೆಲೆಯಲ್ಲ. ಅವೆಲ್ಲ ಪಡೆದವನ ಕೃತಜ್ಞತೆ.

ಆದ್ದರಿಂದ ಓದುಗರೇ, ಹಳೆಯ ಪಾಪ ಇಂದು ನಿಮ್ಮನ್ನು ಹೆಸರು ಹಿಡಿದು ಕರೆದರೆ ಓಗೊಡಬೇಡಿ. ನೀವೀಗ ಅದರ ಆಳಲ್ಲ.