ಉಸ್ತಾದ್ ಮನ್ಸೂರರ ಜೀಬ್ರಾ

1621ರ ನೌರೋಜ್ ಹಬ್ಬದ ದಿನಗಳಲ್ಲಿ ಜಹಾಂಗೀರ್ ಬಾದಶಹನ ಮುಂದೆ ಒಂದು ಅಪರೂಪದ ಪ್ರಾಣಿಯನ್ನು ತಂದು ನಿಲ್ಲಿಸಿದರು. ಅಬಿಸೀನಿಯಾ ಕಡೆಯಿಂದ ಬಂದ ಜೀಬ್ರಾ. ಪಟ್ಟೆಗಳನ್ನು ಯಾರೋ ಬಣ್ಣ ಬಳಿದು ಮಾಡಿರಬೇಕೆಂದು ಕೆಲವರಿಗೆ ಅನುಮಾನ. ಪರೀಕ್ಷಿಸಿದ ಮೇಲೆ ಅದು ಸೃಷ್ಟಿಕರ್ತನದೇ ಕೈಕೆಲಸವೆಂದು ಖಾತ್ರಿಯಾಯಿತೆಂದು ಬಾದಶಹ ತನ್ನ ಆತ್ಮಕಥನದಲ್ಲಿ ಬರೆದುಕೊಂಡಿದ್ದಾನೆ. ಅದನ್ನು ಚಿತ್ರಿಸಿದವರು ಉಸ್ತಾದ್ ಮನ್ಸೂರ್. ಆ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ನಾನು ನೋಡಿರುವುದು ಅಚ್ಚಾದ ಪ್ರತಿಯನ್ನಷ್ಟೆ.

ಮನ್ಸೂರರನ್ನು ಹೊಗಳುವವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ಎಷ್ಟು ಕರಾರುವಾಕ್ಕು, ಎಂಥ ವಿಜ್ಞಾನಿಯ ಕಣ್ಣು! ಮಾತು ಸುಳ್ಳಲ್ಲ. ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಮ್ಮಿನಲ್ಲಿರುವ ಅವರ ಸೈಬೀರಿಯನ್ ಕೊಕ್ಕರೆಯನ್ನೇ ನೋಡಿ. ಆ ಹಕ್ಕಿಗೆ ಯುರೋಪಿನ ವಿಜ್ಞಾನ ಹೆಸರಿಟ್ಟದ್ದು 1773ರಲ್ಲಿ, ಅಂದರೆ ಮನ್ಸೂರರು ಅದನ್ನು ಬರೆದು ಒಂದೂವರೆ ಶತಮಾನ ಕಳೆದ ಮೇಲೆ. ಆದರೆ ಈ ಹೊಗಳಿಕೆಯೊಳಗೆ ಒಂದು ತೆಗಳಿಕೆಯೂ ಅಡಗಿದೆ. ಕಂಡದ್ದನ್ನು ಕಂಡಂತೆ ಬರೆದವನಿಗೆ ಸ್ವಂತ ಶೈಲಿ ಎಲ್ಲಿಯದು, ಅವನು ಕ್ಯಾಮೆರಾ ಇಲ್ಲದ ಕಾಲದ ಕ್ಯಾಮೆರಾ ಎಂಬ ಭಾವ.

ನಾನಿದನ್ನು ಒಪ್ಪುವುದಿಲ್ಲ. ಯಾವ ಚಿತ್ರವನ್ನು ತೋರಿಸಿದರೂ ಅದು ಯಾರ ಕೈಯದೆಂದು ಹೇಳಬಲ್ಲೆ, ಒಂದೇ ಮುಖದಲ್ಲಿ ಕಣ್ಣನ್ನೊಬ್ಬ ಹುಬ್ಬನ್ನೊಬ್ಬ ಬರೆದಿದ್ದರೂ ಗುರುತಿಸಬಲ್ಲೆ ಎಂದು ಜಹಾಂಗೀರ್ ಹೆಮ್ಮೆಪಟ್ಟುಕೊಂಡಿದ್ದಾನೆ. ಬಾದಶಹರ ಹೆಮ್ಮೆಯ ಮಾತನ್ನು ಸ್ವಲ್ಪ ಕಳೆದೇ ಕೇಳಬೇಕು. ಆದರೂ ಪ್ರತಿಯೊಬ್ಬರ ಕೈಗೂ ಒಂದು ಗುರುತಿದ್ದರೆ ತಾನೆ ಈ ಮಾತು? ಅಕ್ಬರನ ಚಿತ್ರಶಾಲೆಯಲ್ಲಿ ಒಬ್ಬ ರೇಖೆ ಎಳೆದರೆ ಇನ್ನೊಬ್ಬ ಬಣ್ಣ ತುಂಬುತ್ತಿದ್ದ. ಮನ್ಸೂರರು ಪಳಗಿದ್ದು ಅಲ್ಲಿಯೇ. ಅಲ್ಲಿಂದ ಬಂದವರು ಸ್ವಂತದ ದಾರಿ ಕಂಡುಕೊಂಡರು.

ಆ ದಾರಿ ಯಾವುದೆಂದು ತಿಳಿಯಲು ಅದೇ ಆಸ್ಥಾನದ ಅಬುಲ್ ಹಸನರದೆಂದು ಹೇಳಲಾಗುವ ಚಿನಾರ್ ಮರದ ಅಳಿಲುಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. (ಅದರಲ್ಲಿ ಮನ್ಸೂರರ ಕೈಯೂ ಇದೆ ಎನ್ನುವವರಿದ್ದಾರೆ.) ಬಣ್ಣ ತಿರುಗಿದ ಎಲೆಗಳು, ಓಡಾಡುವ ಅಳಿಲುಗಳು, ಮರ ಹತ್ತಲು ಹೊರಟ ಮನುಷ್ಯ. ಅಲ್ಲೊಂದು ಕಥೆಯಿದೆ. ಕಥೆ ಬರೆಯುವ ನನಗೆ ಅದೇ ಹೆಚ್ಚು ಇಷ್ಟವಾಗಬೇಕಿತ್ತು. ಆದರೆ ಮತ್ತೆ ಮತ್ತೆ ತಿರುಗಿ ನೋಡುವುದು ಜೀಬ್ರಾವನ್ನೇ. ಅಲ್ಲಿ ಕಥೆಯಿಲ್ಲ. ಬೆಟ್ಟವಿಲ್ಲ, ಆಸ್ಥಾನಿಕರಿಲ್ಲ, ಹಿನ್ನೆಲೆ ಬಹುಮಟ್ಟಿಗೆ ಖಾಲಿ. ಪಟ್ಟೆಗಳು ಮೈಯ ಉಬ್ಬುತಗ್ಗುಗಳ ಜೊತೆಯಲ್ಲೇ ಸಾಗುತ್ತವೆ. ಕಟ್ಟಿಹಾಕಿದ ಪ್ರಾಣಿ ತಲೆ ತುಸು ತಗ್ಗಿಸಿ ನಿಂತಿದೆ. ಎಲ್ಲರೂ ಅದನ್ನು ಅಚ್ಚರಿಯಿಂದ ನೋಡುತ್ತಿದ್ದಾಗ ಮನ್ಸೂರರು ಅಚ್ಚರಿಯನ್ನು ಬರೆಯಲಿಲ್ಲ, ದೂರದೂರಿನಿಂದ ಬಂದು ನಿಂತ ಒಂದು ಜೀವವನ್ನು ಬರೆದರು. ಏನನ್ನು ಬಿಡಬೇಕೆಂಬ ಈ ತೀರ್ಮಾನ ಪ್ರಕೃತಿಯಿಂದ ಬಂದದ್ದಲ್ಲ, ಅವರದೇ.

ಹಲವು ವರ್ಷಗಳ ಹಿಂದೆ ಸಂಪಾದಕರೊಬ್ಬರು ನನ್ನ ಕಥೆಯನ್ನು ಹಿಂದಿರುಗಿಸಿ, "ಇದರಲ್ಲಿ ನಿಮ್ಮ ಛಾಪು ಕಾಣುವುದಿಲ್ಲ, ಇನ್ನಷ್ಟು ಉರ್ದು ಪದಗಳನ್ನು ಸೇರಿಸಿ ಕಳಿಸಿ" ಎಂದು ಬರೆದಿದ್ದರು. ಸೇರಿಸಿ ಕಳಿಸಿದೆ, ಪ್ರಕಟವೂ ಆಯಿತು. ಆ ಕಥೆಯನ್ನು ಇಂದಿಗೂ ನಾನು ಯಾವ ಸಂಕಲನಕ್ಕೂ ಸೇರಿಸಿಲ್ಲ. ಶೈಲಿಯೆಂದರೆ ಮೇಲಿನಿಂದ ಉದುರಿಸುವ ಕೊತ್ತಂಬರಿ ಸೊಪ್ಪು ಎಂದು ಆಗ ನಾನೂ ನಂಬಿದ್ದೆ.

ಶಹಜಹಾನನ ಕಾಲಕ್ಕೆ ಹೂಗಳು ಅಮೃತಶಿಲೆಗೆ ಏರಿದವು. ತಾಜ್‌ಮಹಲಿನ ಗೋಡೆಯಲ್ಲಿ ಅವು ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ ಬಾಗಿ ನಿಂತಿವೆ. ಬಹಳ ಸುಂದರ. ಆದರೆ ಅವುಗಳಲ್ಲಿ ಹಲವನ್ನು ಯಾವ ಗಿಡದ ಹೂವೆಂದು ಹೇಳಲಾಗದು. ಮನ್ಸೂರರ ಹೂಗಳಿಗೆ ಗಿಡವಿತ್ತು, ಊರಿತ್ತು. 1620ರಲ್ಲಿ ಅವರು ಕಾಶ್ಮೀರದಲ್ಲಿ ನೂರಕ್ಕೂ ಹೆಚ್ಚು ಹೂಗಳನ್ನು ಬರೆದರೆಂದು ಬಾದಶಹನೇ ದಾಖಲಿಸಿದ್ದಾನೆ. ಇಂದು ಉಳಿದಿರುವವು ಬೆರಳೆಣಿಕೆಯಷ್ಟು. ಅವುಗಳಲ್ಲೊಂದಾದ ಕೆಂಪು ಟ್ಯೂಲಿಪ್ ಅಲಿಗಢದ ಮೌಲಾನಾ ಆಝಾದ್ ಗ್ರಂಥಾಲಯದಲ್ಲಿದೆ.